ಕುಬಸದ ಡಿಸ್ಕು

ಇವತ್ತೂ ಅದೇ ಗತಿ. ಚಿತ್ರವಿತ್ತು, ದನಿಯಿರಲಿಲ್ಲ.

ಟಿವಿಯ ಪರದೆಯ ಮೇಲೆ ಹಸಿರು ಸೀರೆಯುಟ್ಟ ರೇಣು ತುಂಬಿದ ಬಸುರಿಯಾಗಿ ಸೀಮಂತದ ಮಣೆಯ ಮೇಲೆ ಕುಳಿತಿದ್ದಳು. ಯಾರೋ ಆರತಿ ಎತ್ತುತ್ತಿದ್ದರು. ಹೆಂಗಸರ ಬಾಯಿ ಆಡುತ್ತಿತ್ತು, ಹಾಡು ಕೇಳಿಸುತ್ತಿರಲಿಲ್ಲ. ರಾಮಲಿಂಗಪ್ಪ ಸೌಂಡನ್ನು ಕೊನೆಯವರೆಗೂ ಏರಿಸಿ, ಟಿವಿಗೆ ಕಿವಿ ಹಚ್ಚಿ ನಿಂತರು.

"ಜಟ್ಟೆಪ್ಪ, ಇವತ್ತ ಇದನ್ನ ಸರಿ ಮಾಡೇ ಹೋಗಬೇಕು ನೀ," ಎಂದರು.

ಧನಕವಡಿಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದ ಜಟ್ಟೆಪ್ಪ ಈ ಮನೆಗೆ ಬಂದದ್ದು ಇದು ಮೂರನೆಯ ಸಲ. ಬಿಜಾಪುರದ ಕಡೆಯವನು. ಈ ಮರಾಠಿ ಊರಿನಲ್ಲಿ ತಮ್ಮವರೆಂಬ ಸಲಿಗೆಯಿಂದ ಕಾಕಾ, ಕಾಕು ಎಂದೇ ಕರೆಯುತ್ತಿದ್ದ. ಡಿವಿಡಿ ಪ್ಲೇಯರನ್ನು ಕಪಾಟಿನಿಂದ ಎಳೆದು ನೆಲದ ಮೇಲಿಟ್ಟು, ಅದರ ಹಿಂಬದಿಗೆ ಟಾರ್ಚ್ ಬಿಟ್ಟ.

"ಕಾಕಾ, ಮೊನ್ನೆ ನಿಮ್ಮ ಎದುರಿಗೇ ಭಜನಿ ಡಿಸ್ಕ್ ಹಾಕಿ ತೋರಿಸಿ ಹೋಗೇನಿ. ಚಲೋ ಹಾಡ್ತಿತ್ತಲ್ರಿ?"

"ಹಾಡ್ತಿತ್ತು. ಮರುದಿನ ನಾ ಇದನ್ನ ಹಾಕಿದೆ. ಮತ್ತ ಮೂಕ."

"ಸಾಕು ಬಿಡ್ರಿ," ಎಂದಳು ಕಾಶವ್ವ ಅಡುಗೆಮನೆಯ ಬಾಗಿಲಿನಿಂದ. "ಮಾರಿ ಕಾಣ್ತದಲ್ಲ. ಅಷ್ಟರ ಮ್ಯಾಲೆ ಇನ್ನೇನು ಬೇಕು ನಮಗ?"

ಗಂಡ ಜಟ್ಟೆಪ್ಪನ ಪಕ್ಕದಲ್ಲೇ ನೆಲದ ಮೇಲೆ ಕುಳಿತರು. ಮುಖ ಫೋಟೋಗಳಲ್ಲೂ ಇತ್ತು. ಇಲ್ಲದ್ದು ದನಿ. ಮಗಳು ಹೋಗಿ ಆರು ವರ್ಷವಾಗಿತ್ತು. ಅವಳು 'ಅಪ್ಪಾ' ಎಂದು ಕರೆಯುತ್ತಿದ್ದುದು ಹೇಗಿತ್ತೆಂಬುದು ಈಗೀಗ ರಾಮಲಿಂಗಪ್ಪನವರಿಗೆ ನೆನಪಿಗೆ ಬರುತ್ತಿರಲಿಲ್ಲ.

ಕುಬಸವಾಗಿ ಇಪ್ಪತ್ತು ದಿನಕ್ಕೆ, ಗಂಡನ ಮನೆಯಲ್ಲಿ ಸ್ಟೋ ಸಿಡಿದು ರೇಣು ಸತ್ತಳು. ಕೇಸಾಯಿತು. ಮಗಳು ನಿಮ್ಮ ಮುಂದೆ ಯಾವತ್ತಾದರೂ ಕಷ್ಟ ಹೇಳಿಕೊಂಡಿದ್ದಳೇ ಎಂದು ವಕೀಲ ಕೇಳಿದ. ಇಲ್ಲ ಎಂದರು ರಾಮಲಿಂಗಪ್ಪ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಕಾಶವ್ವನೂ ಇಲ್ಲ ಎಂದಳು. ಅಳಿಯ ಬಿಡುಗಡೆಯಾಗಿ ಇನ್ನೊಂದು ಮದುವೆಯಾದ. ಮೊದಲೇ ನಿಶ್ಚಯವಾಗಿದ್ದ ಕಿರಿಮಗಳು ನೀತಾಳ ಮದುವೆಯೂ ಮರುವರ್ಷ ಮುಗಿಯಿತು. ರಾಮಲಿಂಗಪ್ಪನವರ ಎದೆಯಲ್ಲಿ ಮಾತ್ರ ಒಂದು ಮಾತು ಕೊರೆಯುತ್ತಲೇ ಇತ್ತು. ಆ ಹುಡುಗಿ ನನಗೇಕೆ ಹೇಳಲಿಲ್ಲ? ನಾನೇನು ಅಷ್ಟು ಕಟುಕನೇ?

ಕುಬಸದ ವಿಡಿಯೋ ಕ್ಯಾಸೆಟ್ ಕೈಗೆ ಬರುವಷ್ಟರಲ್ಲಿ ರೇಣು ಇರಲಿಲ್ಲ. ಯಾರೂ ನೋಡದೆ ಅದು ಟ್ರಂಕು ಸೇರಿತ್ತು. ರಾಂಜಣಗಾಂವದಲ್ಲಿದ್ದ ನೀತಾ ಈ ಸಲ ಬಂದಾಗ ಒಯ್ದು, ಅಲ್ಲಿನ ಅಂಗಡಿಯಲ್ಲಿ ಡಿಸ್ಕಿಗೆ ಇಳಿಸಿದಳು. ತಾನು ನೋಡಲು ಧೈರ್ಯ ಸಾಲದೆ, ಹಾಗೇ ಗಂಡನ ಕೈಲಿ ಕಳಿಸಿಕೊಟ್ಟಳು. ಚಿತ್ರ, ದನಿ ಎರಡೂ ಸರಿಯಿವೆ ಎಂದು ಅಂಗಡಿಯವನು ಹೇಳಿದ್ದನಂತೆ. ಅಂದು ರಾಮಲಿಂಗಪ್ಪ ಪೇಟೆಗೆ ಹೋಗಿದ್ದರು. ಬರುವಷ್ಟರಲ್ಲಿ ಕಾಶವ್ವ ಒಬ್ಬಳೇ ಡಿಸ್ಕು ಹಾಕಿ ನೋಡಿ, ಕಣ್ಣು ಕೆಂಪಾಗಿಸಿಕೊಂಡು ಕುಳಿತಿದ್ದಳು.

"ಚಿತ್ರ ಬರ್ತದ್ರಿ. ದನಿ ಬರೂದಿಲ್ಲ," ಎಂದಿದ್ದಳು.

ಆಮೇಲೆ ದಿನಾ ಮಧ್ಯಾಹ್ನ ಇಬ್ಬರೂ ಆ ಮೂಕ ಚಿತ್ರವನ್ನೇ ನೋಡುತ್ತ ಕೂರುತ್ತಿದ್ದರು. ಆರತಿ ಮುಗಿದ ಮೇಲೆ ಒಂದು ಕಡೆ ರೇಣು ಕ್ಯಾಮೆರಾದ ಅರಿವಿಲ್ಲದೆ ಅಡುಗೆಮನೆಯಲ್ಲಿ ನಿಂತು, ಚಿತ್ರದಲ್ಲಿ ಕಾಣದ ಯಾರಿಗೋ ಏನೋ ಹೇಳುತ್ತಿದ್ದಳು. ಅವಳ ಮುಖದಲ್ಲಿ ಆಗ ನಗು ಇರಲಿಲ್ಲ. ರಾಮಲಿಂಗಪ್ಪ ಅವಳ ತುಟಿಗಳನ್ನೇ ನೋಡಿ ನೋಡಿ ಸೋತಿದ್ದರು.

"ಯಾರ ಜೋಡಿ ಮಾತಾಡ್ಲಿಕ್ಕತ್ತಾಳ ಇಕಿ?"

"ಯಾರೋ ಗೆಳತಿ ಇರಬೇಕ್ರಿ. ಕಾಲು ಬ್ಯಾನಿ ಅಂತ ಹೇಳ್ತಿರಬೇಕು."

ಮೊದಲು ರಿಮೋಟು ಕಾಣೆಯಾಯಿತು. ದನಿ ಬಂದ್ ಮಾಡುವ ಗುಂಡಿ ಒತ್ತಿಹೋಗಿದೆಯೇನೋ ಎಂದು ಜಟ್ಟೆಪ್ಪ ಮೊದಲ ಸಲ ಬೇರೆ ರಿಮೋಟು ತಂದು ನೋಡಿದ. ಎರಡನೆಯ ಸಲ ತಂತಿಯನ್ನೇ ಬದಲಿಸಿದ. ಈಗ ಆ ಹೊಸ ತಂತಿಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, ಒಂದು ಕಡೆ ತಡೆದ.

"ಕಾಕಾ, ಇಲ್ಲಿ ನೋಡ್ರಿ. ಹಳದಿ ಚಿತ್ರದ್ದು, ಅದಕ್ಕೇನೂ ಆಗಿಲ್ಲ. ಕೆಂಪು, ಬಿಳಿ ದನಿವು. ಎರಡೂ ತುಂಡಾಗ್ಯಾವ."

"ನಮ್ಮನ್ಯಾಗ ಇಲಿ ಭಾಳ ಅದಾವಪ್ಪ," ಎಂದಳು ಕಾಶವ್ವ.

"ಇಲಿ ಇಷ್ಟ ನೆಟ್ಟಗ ಕಡಿಯೂದಿಲ್ರಿ ಕಾಕೂ."

ರಾಮಲಿಂಗಪ್ಪ ಹೆಂಡತಿಯ ಕಡೆ ನೋಡಿದರು. ಕೋಪ ಬರಲಿಲ್ಲ. ಹೆತ್ತ ಕರುಳು, ದನಿ ಕೇಳಿದರೆ ತಡೆಯಲಾರದೆ ಹೀಗೆ ಮಾಡಿದ್ದಾಳೆ ಎಂದುಕೊಂಡರು. ಎದ್ದು ಹೋಗಿ ಅವಳ ಭುಜದ ಮೇಲೆ ಕೈಯಿಟ್ಟರು. ಎಷ್ಟೋ ವರ್ಷಗಳ ಮೇಲೆ ಹಾಗೆ ಮುಟ್ಟಿದ್ದು.

"ಹೆದರಬ್ಯಾಡ. ಒಂದ ಸಲ ಕೇಳೂಣು. ಇಬ್ರೂ ಕೂಡೇ ಅತ್ತರಾತು."

"ಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ. ಇದೊಂದು ಬ್ಯಾಡ."

ಜಟ್ಟೆಪ್ಪನಿಗೆ ಅಲ್ಲಿರುವುದೇ ಮುಜುಗರವೆನಿಸಿತು. ಚೀಲದಿಂದ ಬೇರೆ ತಂತಿ ತೆಗೆದು ಬಣ್ಣಕ್ಕೆ ಬಣ್ಣ ಕೂಡಿಸಿ ಚುಚ್ಚಿದ. ಡಿಸ್ಕು ಸುತ್ತತೊಡಗಿತು. ಮೊದಲು ಗೊರಗೊರ. ಆಮೇಲೆ ಬಳೆಗಳ ಸದ್ದು, ಸೋಬಾನೆ, ಯಾರದೋ ಕೂಸಿನ ಅಳು. ಆರು ವರ್ಷ ಹಿಂದಿನ ಆ ಮನೆ ಒಮ್ಮೆಲೇ ಕೋಣೆಯ ತುಂಬ ಬಂತು. ರಾಮಲಿಂಗಪ್ಪ ಎರಡೂ ಕೈ ಜೋಡಿಸಿ ನೆಲದ ಮೇಲೆ ಕುಳಿತರು. ಕಾಶವ್ವ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಆತು ನಿಂತಳು.

ಪರದೆಯ ಮೇಲೆ ಅಡುಗೆಮನೆ ಬಂತು. ರೇಣು ತಿರುಗಿದಳು, ತುಟಿ ತೆರೆದಳು. ಅದೇ ದನಿ, ಸ್ವಲ್ಪ ಒಡೆದ, ಗಂಟಲಲ್ಲೇ ಹುಟ್ಟಿದ ದನಿ.

"ಅವರು ನನ್ನ ಉಳಸೂದಿಲ್ಲವ್ವಾ. ನಾಕು ಸಲ ಹೇಳೇನಿ ನಿನಗ. ಇವತ್ತರ ಅಪ್ಪಗ ಹೇಳು."

ಚಿತ್ರದಾಚೆಯಿಂದ ಉತ್ತರ ಬಂತು. ಮೂವತ್ತೈದು ವರ್ಷಗಳಿಂದ ರಾಮಲಿಂಗಪ್ಪ ದಿನಬೆಳಗಾದರೆ ಕೇಳುತ್ತ ಬಂದ ದನಿ: "ಹಗೂರ ಮಾತಾಡು. ನೀತಾನ ಲಗ್ನ ಆಗೂ ತನಕ ಅಪ್ಪನ ಮುಂದ ಬಾಯಿ ಬಿಟ್ಟೀ ಅಂದ್ರ ನೋಡು."