ನಕ್ಷೆ ಮೂಡುವವರೆಗೆ

ಗಣಿಯೊಳಗೆ ಬಂಡೆ ಕುಸಿದು ಮೂವರು ಸಿಕ್ಕಿಕೊಂಡಿದ್ದರು. ಅವರಲ್ಲೊಬ್ಬ ನನ್ನ ಅಳಿಯ. ನಾನು ಮೇಲಿನಿಂದ ನೀರಿನ ಪೈಪು ಬಡಿದರೆ ಅವರು ಕೆಳಗಿನಿಂದ ಬಡಿಯುತ್ತಿದ್ದರು.

ಸುರಂಗಗಳ ನಕ್ಷೆ ಇದ್ದದ್ದು ಆಫೀಸಿನ ಹಳೆಯ ಯುನಿಕ್ಸ್ ಕಂಪ್ಯೂಟರಿನಲ್ಲಿ. ಅದು ಬರೀ ಅಕ್ಷರ ತೋರಿಸುತ್ತಿತ್ತು. ಚಿತ್ರ ಕಾಣಬೇಕಾದರೆ ಅದರಲ್ಲಿ ವಿಂಡೋ ವ್ಯವಸ್ಥೆ ಎಂಬ ಬೇರೆ ಪ್ರೋಗ್ರಾಂ ಓಡಬೇಕಂತೆ. ಇಂಜಿನಿಯರ್ ಓಡಿಸಿದಾಗಲೆಲ್ಲ ಪರದೆ ಬೂದಿಬಣ್ಣಕ್ಕೆ ತಿರುಗಿ ಆರಿಹೋಗುತ್ತಿತ್ತು.

"ಸಾಹೇಬ್ರ, ಎಡಕ್ಕ ಹಳೇ ಸುರಂಗ ಐತ್ರಿ. ಅಲ್ಲಿಂದ ಕೊರೀರಿ," ಎಂದೆ.

"ನೀನು ನೋಡಿ ಎಷ್ಟು ವರ್ಷ ಆಯ್ತು?"

"ಮೂವತ್ತಾತ್ರಿ."

"ನಿನ್ನ ನೆನಪು ನಂಬಿ ಕೊರೆದು, ಉಳಿದ ಬಂಡೆನೂ ಅವರ ಮೇಲೆ ಬಿದ್ರೆ? ನಕ್ಷೆ ಬರಲಿ ತಾತ."

"ಪೈಪಿನ ಸಪ್ಪಳ ಸಣ್ಣಾಗಾಕ ಹತ್ತೈತ್ರಿ."

"ಇನ್ನೊಂದೇ ಸಲ ನೋಡ್ತೀನಿ."

ಮರುದಿನ ಬೆಳಿಗ್ಗೆ ಪೈಪು ಸುಮ್ಮನಾಯಿತು. ಮಧ್ಯಾಹ್ನ ಪರದೆಯ ಮೇಲೆ ನಕ್ಷೆ ಮೂಡಿತು. ಎಡಕ್ಕೆ ಸುರಂಗವಿತ್ತು.

ಇಂಜಿನಿಯರ್ ಪರದೆಯ ಹತ್ತಿರಕ್ಕೆ ಬಗ್ಗಿದ. ಆಮೇಲೆ ನಕ್ಷೆಯ ಮೂಲೆಯಲ್ಲಿದ್ದ ಸಾಲನ್ನು ಮೆಲ್ಲಗೆ ಓದಿದ. "ಆಧಾರ: ಹಳೆಯ ಕೆಲಸಗಾರ ದುರುಗಪ್ಪ ಬಾಯಲ್ಲಿ ಹೇಳಿದ್ದು."

ನನ್ನ ಕಡೆ ತಿರುಗಿದ. "ಯಾರು ತಾತ ಈ ದುರುಗಪ್ಪ?"

"ನಾನ ರೀ."