ಜರ್ಕು ಹೊಡೆಯುವ ಗಾಡಿ

ಮೂರನೇ ಸಿಗ್ನಲ್ಲಿನಲ್ಲೂ ಕಾರು ಮುಗ್ಗರಿಸಿತು. ಹಣೆ ಸ್ಟಿಯರಿಂಗಿಗೆ ಬಡಿಯುವುದೊಂದು ಬಾಕಿ. ಹಿಂದಿನ ಬಸ್ಸಿನವನು ಹಾರನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಫುಟ್‌ಪಾತಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಕಾರು ಓಡಿಸುತ್ತಿದ್ದ ಬೂದು ಅಂಗಿಯವನಿಗೆ ಬೇಡವಾಗಿದ್ದದ್ದು ಅದೇ.

ಈ ಕಾರಿನಲ್ಲಿ ಇದು ಅವನ ಮೊದಲ ಓಟ. ಮಧ್ಯಾಹ್ನದ ಹೊತ್ತಿಗೆ ಬೈಪಾಸಿನ ಪೆಟ್ರೋಲ್ ಬಂಕಿನಲ್ಲಿ ಗಿರಾಕಿ ಕಾಯುತ್ತಿರುತ್ತಾನೆ. ಮಹಾ ಖಡಕ್ ಆಸಾಮಿ. ತಾನೇ ಓಡಿಸಿ ನೋಡದೆ ಯಾವ ಗಾಡಿಯನ್ನೂ ಮುಟ್ಟುವವನಲ್ಲ. ಹೀಗೆ ಕುಪ್ಪಳಿಸುವುದನ್ನು ತೋರಿಸಿದರೆ ವ್ಯಾಪಾರ ಅಲ್ಲಿಗೆ ಮುಗಿದ ಹಾಗೆ. ವ್ಯಾಪಾರ ಕುದುರಿದರೆ ಮಾತ್ರ ಅವನು ಇವತ್ತೇ ಊರು ಬಿಡಬಹುದು. ಈ ಊರು ಅವನಿಗೆ ಸಾಕುಸಾಕಾಗಿ ಹೋಗಿತ್ತು. ಎಲ್ಲಿ ಹೋದರೂ ಯಾರೋ ಒಬ್ಬರು ಗುರುತು ಹಿಡಿಯುವವರೇ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚುವ ಧೈರ್ಯವಿರುವವನು ಇಲ್ಲಿ ಒಬ್ಬನೇ ಎಂದು ಪಂಕ್ಚರ್ ಅಂಗಡಿಯವನು ದಾರಿ ತೋರಿಸಿದ. ಹಳೆ ಗೋದಾಮಿನ ಪಕ್ಕದ ಗ್ಯಾರೇಜು. ಕಾರು ಎರಡು ಸಲ ಎಗರಿ, ಅದರ ಅಂಗಳದಲ್ಲಿ ನಿಂತಿತು.

ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಮೇಸ್ತ್ರಿ ಅಲ್ಲೇ ನಿಂತುಬಿಟ್ಟ. ಆಮೇಲೆ ಕಾರಿಗೆ ಒಂದು ಸುತ್ತು ಹಾಕಿದ. ಬಾನೆಟ್ ಎತ್ತಲಿಲ್ಲ. ಹಿಂದೆ ಹೋಗಿ ನಂಬರ್ ಪ್ಲೇಟಿನ ಹತ್ತಿರ ಬಗ್ಗಿದವನು ಬೇಗ ಏಳಲೂ ಇಲ್ಲ. ಗೇರ್‌ಬಾಕ್ಸ್ ಇರುವುದು ಎಲ್ಲಿ, ಈತ ನೋಡುತ್ತಿರುವುದು ಎಲ್ಲಿ ಎಂದುಕೊಂಡ ಬೂದು ಅಂಗಿಯವನು. ಒಳ್ಳೆ ಕಡೆ ಬಂದೆ.

"ಯಾರದು ಗಾಡಿ?"

"ನಂದೇ. ಹೆಂಡತಿಗೋಸ್ಕರ ತಗೊಂಡಿದ್ದು."

"ಓಹೋ." ಮೇಸ್ತ್ರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅವರು ಓಡಿಸುವಾಗಲೂ ಜರ್ಕು ಹೊಡೀತಿತ್ತಾ?"

"ಇಲ್ಲ. ನಾನು ಹತ್ತಿದ ಮೇಲೇ ಶುರು."

"ಇರ್ಬೋದು. ಅಂಗಳದಲ್ಲೇ ಒಂದು ಸುತ್ತು ಓಡಿಸಿ, ನೋಡೋಣ."

ಓಡಿಸಿದ. ತೆರೆದ ಬಾಗಿಲ ಪಕ್ಕದಲ್ಲೇ ನಡೆಯುತ್ತ ಮೇಸ್ತ್ರಿ ಅವನ ಕಾಲುಗಳನ್ನೇ ನೋಡಿದ. ಮೀಟರ್ ತರುತ್ತೇನೆಂದು ಒಳಗೆ ಹೋದವನು ಫೋನಿನಲ್ಲಿ ಯಾರೊಂದಿಗೋ ಪಿಸುಗುಡುತ್ತ ಅಲ್ಲೇ ಬೇರುಬಿಟ್ಟ. ಸ್ಪೇರ್ ಪಾರ್ಟ್ಸ್ ಅಂಗಡಿಯವನ ಜೊತೆ ಸೇರಿ ತಲೆ ಬೋಳಿಸುವ ಹುನ್ನಾರ ಎಂದು ಬೂದು ಅಂಗಿಯವನಿಗೆ ಖಾತ್ರಿಯಾಯಿತು. ಆದರೆ ಬೇರೆ ದಾರಿಯೂ ಇರಲಿಲ್ಲ.

ಹಿಂತಿರುಗಿದ ಮೇಸ್ತ್ರಿ ಹತ್ಯಾರಿನ ಪೆಟ್ಟಿಗೆಯನ್ನು ಮುಂದಿನ ಸೀಟಿನ ಮೇಲಿಟ್ಟ. "ನೀವು ಹಿಂದೆ ಹತ್ತಿ ಸಾರ್. ಜರ್ಕು ಹಿಂದೆ ಕೂತವರಿಗೇ ಸರಿಯಾಗಿ ಗೊತ್ತಾಗೋದು." ಬಾಗಿಲು ಹಾಕಿದವನೂ ಅವನೇ.

ಕಾರು ಹೊರಟಿತು. ಒಂದು ಜರ್ಕಿಲ್ಲ, ಒಂದು ಸದ್ದಿಲ್ಲ. ಗೇರು ಬಿದ್ದದ್ದೇ ತಿಳಿಯಲಿಲ್ಲ. ಬೂದು ಅಂಗಿಯವನಿಗೆ ಹೋದ ಜೀವ ಬಂದಂತಾಯಿತು.

"ಸರಿಹೋಯ್ತಲ್ಲ ಮೇಸ್ತ್ರಿ. ತಿರುಗಿಸಿ, ಸಾಕು."

"ಬಾಕ್ಸ್ ಬಿಸಿಯಾಗ್ಬೇಕು. ಸ್ವಲ್ಪ ದೂರ ಹೋಗೋಣ."

ಸ್ವಲ್ಪ ದೂರ ಮುಗಿಯಲೇ ಇಲ್ಲ. ಮಾರ್ಕೆಟ್ ಹೋಯಿತು, ಆಟದ ಮೈದಾನ ಹೋಯಿತು. ಬೈಪಾಸಿನ ತಿರುವು ಎಡಕ್ಕೆ ಸರಿದು ಹೋಯಿತು. ಕನ್ನಡಿಯಲ್ಲಿ ಮೇಸ್ತ್ರಿಯ ಕಣ್ಣು ರಸ್ತೆಗಿಂತ ಹೆಚ್ಚಾಗಿ ಅವನ ಮೇಲೇ ಇತ್ತು. ಗಿರಾಕಿಗಳನ್ನು ಮೂಲೆಗೆ ಕರೆದೊಯ್ದು ಜೇಬು ಖಾಲಿ ಮಾಡಿಸುವ ಗ್ಯಾರೇಜಿನವರ ಕಥೆಗಳನ್ನು ಅವನೂ ಕೇಳಿದ್ದ.

"ಏನಾಗಿದೆ ಇದಕ್ಕೆ, ಅದನ್ನಾದ್ರೂ ಹೇಳಿ."

"ಇದಕ್ಕೇನೂ ಆಗಿಲ್ಲ. ನಿಮ್ಮ ಎಡಗಾಲು ಕ್ಲಚ್ ಹುಡುಕ್ತಿದೆ. ಕ್ಲಚ್ ಇಲ್ಲ, ಬ್ರೇಕ್ ಸಿಗುತ್ತೆ, ಒದೀತೀರಿ. ಆಟೊಮ್ಯಾಟಿಕ್ ಯಾವತ್ತೂ ಮುಟ್ಟಿಲ್ಲ ನೀವು."

"ಇಷ್ಟೇನಾ? ಹಾಗಾದ್ರೆ ಇಲ್ಲೇ ಇಳೀತೀನಿ. ನಾನೇ ಓಡಿಸ್ಕೊಂಡು ಹೋಗ್ತೀನಿ."

"ಇನ್ನೊಂದು ಟೆಸ್ಟ್ ಬಾಕಿ ಇದೆ."

ಕೆಂಪು ದೀಪಕ್ಕೆ ಕಾರು ನಿಂತಿತು. ಅವನು ಬಾಗಿಲಿನ ಹಿಡಿ ಎಳೆದ. ಬಾಗಿಲು ತೆರೆಯಲಿಲ್ಲ. ಆ ಕಡೆಗೆ ಜರುಗಿ ಇನ್ನೊಂದನ್ನು ಎಳೆದ. ಅದೂ ಅಷ್ಟೆ. ಕಿಟಕಿಯ ಗುಂಡಿಗೆ ಕೈ ಹಾಕುವಷ್ಟರಲ್ಲಿ ಮೇಸ್ತ್ರಿ, ಬಗ್ಗಿ ನೋಡದೆಯೇ, ತನ್ನ ಬಾಗಿಲಿನ ಮೇಲೆ ಏನನ್ನೋ ಒತ್ತಿದ. ಗಾಜು ಅಲುಗಲಿಲ್ಲ.

"ಚೈಲ್ಡ್ ಲಾಕ್ ಸಾರ್," ಎಂದ ಮೇಸ್ತ್ರಿ. "ಒಳಗಿಂದ ತೆಗೆಯಕ್ಕಾಗಲ್ಲ. ಚಿಕ್ಕ ಮಗು ಓಡಾಡೋ ಗಾಡಿ, ಹಾಕ್ಲೇಬೇಕಲ್ಲ. ನಿಮಗೆ ಗೊತ್ತಿರ್ಬೇಕಿತ್ತು."

"ಎಷ್ಟು ಬೇಕು ನಿಮಗೆ? ಹೇಳಿಬಿಡಿ."

"ನನಗಾ?" ಮೇಸ್ತ್ರಿ ಮೊದಲ ಸಲ ನಕ್ಕ. "ಒಂದು ಕಾಸೂ ಬೇಡ."

ಬೂದು ಅಂಗಿಯವನು ಪಕ್ಕದ ಸ್ಕೂಟರಿನವನಿಗೆ ಗಾಜಿನೊಳಗಿಂದ ಕೈ ಬೀಸಿದ. ಅವನು, ಪಾಪ, ತಿರುಗಿ ಕೈ ಬೀಸಿದ. ಕೂಗಿದರೂ ಯಾರನ್ನು ಕರೆಯುವುದು? ದೀಪ ಹಸಿರಾಯಿತು. ಕಾರು ನೀರಿನ ಮೇಲೆ ಜಾರಿದ ಹಾಗೆ ಮುಂದಕ್ಕೆ ಸರಿಯಿತು.

ಎರಡು ತಿರುವು ದಾಟಿ ಅದು ಎತ್ತರದ ಕಾಂಪೌಂಡಿನೊಳಗೆ ನುಗ್ಗಿ, ಮೆಟ್ಟಿಲ ಮುಂದೆ ನಿಂತಿತು. ಸಮವಸ್ತ್ರದ ಇಬ್ಬರು ಪೊಲೀಸರು ಹಿಂದಿನ ಎರಡೂ ಬಾಗಿಲುಗಳ ಹತ್ತಿರ ಬಂದು ನಿಂತರು. ಬೆಳಗಿನಿಂದ ಅತ್ತು ಕಣ್ಣು ಊದಿಸಿಕೊಂಡಿದ್ದ ಹೆಂಗಸೊಬ್ಬಳು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮೆಟ್ಟಿಲಿಳಿದು ಓಡಿಬಂದಳು.

"ಅಪ್ಪಾ, ನನ್ನ ಕಾರು ಸಿಕ್ತಾ?"

"ಸಿಕ್ತು ಮಗಳೇ," ಎಂದ ಮೇಸ್ತ್ರಿ, ಎಂಜಿನ್ ಆರಿಸುತ್ತ. "ಡ್ರೈವರ್ ಸಮೇತ."