ಬೀಗದ ಕೈ ಗೊಂಚಲು

"ಇನ್ಮೇಲೆ ಇದನ್ನ ಕೈಗೆ ಕೊಡೋದು ಬೇಡಮ್ಮ, ಕಬ್ಬಿಣಕ್ಕೂ ಫಿಟ್ಸ್‌ಗೂ ಸಂಬಂಧ ಇಲ್ಲ," ಎಂದು ನರ್ಸ್, ಭಾರ್ಗವಿಯ ಸೆರಗಿಗೆ ಕಟ್ಟಿದ್ದ ಬೀಗದ ಕೈ ಗೊಂಚಲನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ತಾಯಿ ವರಲಕ್ಷ್ಮಮ್ಮ ಅದರತ್ತ ಕೈ ಚಾಚಿ ಹಿಂತೆಗೆದಳು. ಹದಿನಾರು ವರ್ಷದಿಂದ, ಮಗಳು ಬಿದ್ದು ಒದ್ದಾಡಿದಾಗಲೆಲ್ಲ ಅವಳ ಅಂಗೈಗೆ ಒತ್ತಿದ್ದು ಅದೇ ಗೊಂಚಲು.

ಶಿಡ್ಲಘಟ್ಟದ ಆಸ್ಪತ್ರೆಯ ಆ ಕೋಣೆಯಲ್ಲಿ ಡಾಕ್ಟರು, ನರ್ಸು, ಕೌನ್ಸೆಲರ್ ಮೂವರೂ ಒಟ್ಟಿಗೇ ಕೂತಿದ್ದರು. ಮಾತ್ರೆ ಹಿಡಿದಿದೆ, ಎಂಟು ತಿಂಗಳಿಂದ ಫಿಟ್ಸ್ ಇಲ್ಲ ಎಂದು ಡಾಕ್ಟರು ಖುಷಿಪಟ್ಟರು.

"ಮತ್ಯಾಕೆ ಊಟ ಬಿಟ್ಟಿದ್ದೀಯಮ್ಮ?" ಎಂದರು ಕೌನ್ಸೆಲರ್. ಭಾರ್ಗವಿ ಗೊಂಚಲನ್ನೇ ನೋಡುತ್ತಿದ್ದಳು. "ಇವೆಲ್ಲ ಯಾವ ಬೀಗದವು?" ಎಂದು ಕೌನ್ಸೆಲರೇ ಕೇಳಿದರು.

"ಯಾವುದ್ರದ್ದೂ ಅಲ್ಲ ಮೇಡಂ, ಹಳೇವು," ಎಂದಳು ಮೂವತ್ತೆರಡರ ಭಾರ್ಗವಿ. "ಅಮ್ಮ ಈಗ್ಲೂ ರೇಷ್ಮೆಗೂಡು ಮಾರೋಕೆ ಹೋಗುವಾಗ ನನ್ನ ಒಳಗೆ ಬಿಟ್ಟು ಬೀಗ ಹಾಕ್ತಾರೆ. ಅದರ ಕೈ ಮಾತ್ರ ಇದ್ರಲ್ಲಿಲ್ಲ."

"ರೋಡಲ್ಲಿ ಬಿದ್ದುಗಿದ್ದೀಯ ಅಂತ ಕಣಮ್ಮ..." ಎಂದಳು ವರಲಕ್ಷ್ಮಮ್ಮ. ಅವಳಿಗೇ ಗೊತ್ತಿಲ್ಲದೆ ಕೈ ಸೊಂಟಕ್ಕೆ ಹೋಗಿತ್ತು. ಅಲ್ಲಿ ಸಿಕ್ಕಿಸಿಕೊಂಡಿದ್ದ ಒಂಟಿ ಬೀಗದ ಕೈ ಮೈಯ ಬಿಸಿಗೆ ಬೆಚ್ಚಗಿತ್ತು.